ಹೆಪ್ಪು ಕೇಳಲು ಬಂದ ದೆವ್ವ

ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡುವವರಿಗೆಲ್ಲ ಕರೆಂಟಿನ ವಿದ್ಯೆ ಗೊತ್ತಿರುತ್ತದೆ ಎಂಬುದು ನಮ್ಮ ಜನರ ದೃಢವಾದ ನಂಬಿಕೆ. ನಾನು ಗೋಕಾಕಿನ ಅಂಥದೊಂದು ಕಚೇರಿಯಲ್ಲಿ ಗುಮಾಸ್ತ. ಟಪಾಲು ವಿಂಗಡಿಸುವುದು, ಫೈಲು ಕಟ್ಟುವುದು, ಸಾಹೇಬರು ಇದ್ದಾಗ ಇಲ್ಲವೆನ್ನುವುದು, ಇಲ್ಲದಾಗ ಈಗ ಬರುತ್ತಾರೆ ಎನ್ನುವುದು, ಇಷ್ಟೇ ನನ್ನ ಪಾಂಡಿತ್ಯ. ಮನೆಯಲ್ಲಿ ಫ್ಯೂಸು ಹೋದರೆ ನಾನು ಮೇಣದಬತ್ತಿ ಹುಡುಕುತ್ತೇನೆ. ಫ್ಯೂಸು ಹಾಕುವವಳು ನನ್ನ ಹೆಂಡತಿ ಸುನಂದಾ. ಆಕೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನನ್ನ ಯೋಗ್ಯತೆ ಇಷ್ಟು ಚೆನ್ನಾಗಿ ಗೊತ್ತಿದ್ದೂ, ತಾನೊಂದು ನಾಟಕ ತಂಡ ಕಟ್ಟಿದಾಗ ಆಕೆ, "ಲೈಟಿಂದು ನೀವ ನೋಡ್ಕೋರಿ. ಕರೆಂಟ್ ಆಫೀಸಿನವರು ಅಂದ್ರ ಮಂದಿಗಿ ಖಾತ್ರಿ ಅನಸ್ತೈತಿ" ಎಂದಳು. ನನಗೂ ಖಾತ್ರಿ ಅನಿಸಬೇಕಲ್ಲ ಎಂದು ಯಾರೂ ಕೇಳಲಿಲ್ಲ.

ತಂಡದ ಹೆಸರು 'ನಗು-ನಡುಕ'. ಒಂದೇ ಸಂಜೆ ಎರಡು ಸಣ್ಣ ನಾಟಕ. ಮೊದಲು ನಗಿಸುವುದು, ಚಹಾ ಬಿಡುವಿನ ನಂತರ ಅಂಜಿಸುವುದು. ಎರಡನ್ನೂ ಬರೆಯುವವಳು, ಆಡಿಸುವವಳು ಸುನಂದಾ. ನಮ್ಮ ಕಡೆಯವರು ಹಾಡು, ತಬಲಾ, ಝಗಮಗ ಪರದೆ ಕಂಡವರು. ಎರಡು ಖುರ್ಚಿ, ಒಂದು ಗ್ಯಾಸ್ ಒಲೆ ಇಟ್ಟು ನಾಟಕ ಆಡುತ್ತೇವೆಂದರೆ, "ಸಾಮಾನ ಇನ್ನ ಬರೂದೈತೇನ್ರಿ?" ಎಂದು ಕೇಳುತ್ತಿದ್ದರು. ಆದರೂ ಜನ ಬರುತ್ತಿದ್ದರು. ಬರುತ್ತಿದ್ದದ್ದು ಪದ್ಮಕ್ಕನಿಗಾಗಿ.

ಪದ್ಮಕ್ಕನದು ಪೇಟೆಯಲ್ಲಿ ಹಳೆಯ ಸೀರೆ ಅಂಗಡಿ. ಜೈನರ ಮನೆ, ಮನೆಯೊಳಗೆ ಮರಾಠಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕನ್ನಡ. ಆಕೆಯ ಗೋದಾಮಿನಲ್ಲೇ ನಮ್ಮ ತಾಲೀಮು. ಆಕೆಯದು ಬೇಲೂರಿನ ಶಿಲಾಬಾಲಿಕೆಯ ಮೈಕಟ್ಟಲ್ಲ. ತುಂಬಿದ ಮೈ, ತುಂಬಿದ ಕಂಠ, ಹುಬ್ಬೆತ್ತಿದರೆ ಸಾಕು ಹಿಂದಿನ ಸಾಲಿನವರಿಗೂ ನಗು ಮುಟ್ಟುತ್ತಿತ್ತು. ಹಾಸ್ಯ ನಾಟಕದಲ್ಲಿ ಆಕೆಯದು ಪಕ್ಕದ ಮನೆಯಾಕೆಯ ಪಾತ್ರ. ಕೈಯಲ್ಲೊಂದು ಬಟ್ಟಲು ಹಿಡಿದು, "ಸ್ವಲ್ಪ ಹೆಪ್ಪ ಕೊಡ್ತೀರೇನ್ರಿ?" ಎಂದು ಬರುವುದು, ಮೊಸರಿನ ಹೆಪ್ಪಿನ ನೆಪದಲ್ಲಿ ಮನೆಯ ಗುಟ್ಟನ್ನೆಲ್ಲ ಹೊತ್ತುಕೊಂಡು ಹೋಗುವುದು. ಗೋಕಾಕಿನಲ್ಲಿ ಆಗಲೇ ಕೆಲವರು ಆಕೆಯ ಅಂಗಡಿಗೆ ಬಂದು, ಸೀರೆ ಬಿಟ್ಟು ಹೆಪ್ಪು ಕೇಳುತ್ತಿದ್ದರು.

ತೊಂದರೆ ಶುರುವಾದದ್ದು ಮೂಡಲಗಿಯಲ್ಲಿ. ಅಲ್ಲಿನ ಕಲ್ಯಾಣ ಮಂಟಪ ತುಂಬಿತ್ತು. ಮಸಗುಪ್ಪಿಯಿಂದಲೂ ಜನ ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಹಾಸ್ಯ ನಾಟಕ ಮುಗಿಯುವಷ್ಟರಲ್ಲಿ ಮಂದಿ ನಕ್ಕು ಸುಸ್ತು. ಬಿಡುವಿನ ನಂತರ ಭಯದ ನಾಟಕ. ಧೂಪದ ಹೊಗೆ, ನನ್ನ ಹೆಮ್ಮೆಯ ಕೆಂಪು ಬಲ್ಬು, ಅದರ ನಡುವೆ ಬಿಳಿ ಸೀರೆ ಉಟ್ಟು, ಕೂದಲು ಬಿಟ್ಟು, ಮುಖಕ್ಕೆ ಪೌಡರು ಬಳಿದುಕೊಂಡ ಪದ್ಮಕ್ಕ ದೆವ್ವವಾಗಿ ನಿಂತಳು. ನನ್ನ ಎದೆ ಧಸಕ್ಕೆಂದಿತು. ಬಲ್ಬು ಹಾಕಿದವನು ನಾನೇ ಆದರೂ. ಅಷ್ಟರಲ್ಲಿ ಸಭೆಯಿಂದ ಒಂದು ದನಿ ಎದ್ದಿತು: "ಅಕ್ಕಾ, ಹೆಪ್ಪ ಸಿಕ್ಕಿಲ್ಲೇನ ಇನ್ನ?"

ಮಂಟಪ ಹಾರಿಹೋಗುವಂತೆ ನಗು. ದೆವ್ವ ಕೂಗಿತು, ಇನ್ನಷ್ಟು ನಗು. ದೆವ್ವ ಗಂಡನ ಪಾತ್ರಧಾರಿಯ ಕುತ್ತಿಗೆ ಹಿಡಿಯಿತು, ಶಿಳ್ಳೆ. ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು ಕನಿಕರದಿಂದ, "ಪಾಪ, ಭಾಳ ದಣದಾಳ. ನೀರ ಕೊಡ್ರ್ಯೋ ಆಕೀಗಿ" ಎಂದು ತಂಬಿಗೆಯನ್ನೇ ವೇದಿಕೆಯ ಮೇಲಿಟ್ಟರು. ದೆವ್ವ ಅದನ್ನು ನೋಡಿ ತಾನೂ ನಕ್ಕುಬಿಟ್ಟಿತು. ನಾಟಕ ಅಲ್ಲಿಗೆ ಮುಗಿಯಿತು.

ಟೆಂಪೋದಲ್ಲಿ ಮರಳುವಾಗ ಪದ್ಮಕ್ಕ ಮುಖ ಕೂಡ ಒರೆಸಿಕೊಳ್ಳಲಿಲ್ಲ. ಕಲ್ಲೋಳಿಯಲ್ಲಿ ಚಹಾಕ್ಕೆ ನಿಂತಾಗ ಆಕೆ ಕಿಟಕಿಯಿಂದ ಹೊರಗೆ ತಲೆ ಹಾಕಿದ್ದೇ, ಚಹಾದವನು "ಅಯ್ಯಯ್ಯಪ್ಪೋ" ಎಂದು ಕೆಟಲಿ ಬಿಟ್ಟು ಓಡಿದ. ಪದ್ಮಕ್ಕ ನಿಟ್ಟುಸಿರು ಬಿಟ್ಟು, "ಇಂವ ಒಬ್ಬಾಂವರ ಅಂಜಿದ ನೋಡ" ಎಂದಳು. ನಾವು ನಕ್ಕೆವು. ಆಕೆ ನಗಲಿಲ್ಲ.

"ಸುನಂದಾ, ನಾ ದೆವ್ವಿನ ಪಾರ್ಟ್ ಯಾಕ ಕೇಳಿ ತಗೊಂಡ್ನಿ ಗೊತ್ತೈತೇನ?" ಎಂದಳು. "ಸಣ್ಣಾಕಿ ಇದ್ದಾಗಿಂದ ನಾ ಬಂದ್ನಿ ಅಂದ್ರ ಮಂದಿ ನಗತಾರ. ನಮ್ಮ ಮನಿಯವರು ತೀರಿಕೊಂಡಾಗ ಮಾತಾಡ್ಸಾಕ ಬಂದವರೂ, ಈಕಿ ಈಗ ಏನರ ಚಾಷ್ಟಿ ಮಾಡ್ತಾಳ ಅಂತ ನನ್ನ ಮಾರಿ ನೋಡಾಕತ್ತಿದ್ರು. ನಾ ಮಾಡೀನೂ ಮಾಡಿದ್ನಿ, ಏನ್ ಮಾಡ್ಲಿ! ಒಮ್ಮಿ, ಒಮ್ಮಿ ಅಷ್ಟ, ನಾ ಬಂದಾಗ ಮಂದಿ ಗಪ್ಪ ಆಗಬೇಕು. ಇಲ್ಲಂದ್ರ ಸಾಕವ್ವ, ನಾ ಅಂಗಡ್ಯಾಗ ಇರ್ತೇನಿ."

ಪದ್ಮಕ್ಕ ಬಿಟ್ಟರೆ ತಂಡವೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಸುನಂದಾಳ ಮುಖದಲ್ಲಿದ್ದದ್ದು ಆ ಚಿಂತೆಯಲ್ಲ. ಗೆಳತಿಯನ್ನು ಇಷ್ಟು ದಿನ ತಾನೂ ಸರಿಯಾಗಿ ನೋಡಿರಲಿಲ್ಲವಲ್ಲ ಎಂಬ ಪೆಚ್ಚು.

ಮುಂದಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಅನ್ನ ಸೀಯಿತು, ಹಾಲು ಉಕ್ಕಿತು, ವಿಜ್ಞಾನದ ಉತ್ತರಪತ್ರಿಕೆಗಳ ಮೇಲೆ ಧೂಳು ಕೂತಿತು. ಒಂದು ಭಾನುವಾರ ಸುನಂದಾ ಗೋದಾಮಿನಲ್ಲಿ ಎಲ್ಲರನ್ನೂ ಕೂರಿಸಿ, "ಬಿಳಿ ಸೀರಿ ಬ್ಯಾಡ, ಪೌಡರ್ ಬ್ಯಾಡ, ಹೊಗಿ ಬ್ಯಾಡ" ಎಂದಳು. ನನ್ನ ಕೆಂಪು ಬಲ್ಬು?

"ಅದೂ ಬ್ಯಾಡ್ರಿ."

"ಮತ್ತ ಅಂಜೂದು ಹೆಂಗ?" ಎಂದೆ, ಕಲಾವಿದನ ನೋವಿನಿಂದ.

"ನಗಲಿ. ನಗೂದ ಬಂದ್ ಮಾಡೂದ ಬ್ಯಾಡ. ಅಲ್ಲಿಂದನ ಕರ್ಕೊಂಡ ಹೋಗೂಣು" ಎಂದಳು. ಪದ್ಮಕ್ಕ ಅರ್ಥವಾದವಳಂತೆ ಕರದಂಟು ಅಗಿಯುವುದನ್ನು ನಿಲ್ಲಿಸಿದಳು. ನನಗೆ ಅರ್ಥವಾಗಲಿಲ್ಲ.

ಹುಕ್ಕೇರಿಯಲ್ಲಿ ಅರ್ಥವಾಯಿತು. ಶಾಲೆಯೊಂದರ ಸಭಾಂಗಣ. ಹಾಸ್ಯ ನಾಟಕ ಎಂದಿನಂತೆ ಗೆದ್ದಿತು. ಬಿಡುವಿನ ನಂತರ ವೇದಿಕೆಯ ಮೇಲೆ ಗಂಡ, ಹೆಂಡತಿ ಊಟಕ್ಕೆ ಕೂತಿದ್ದರು. ಪದ್ಮಕ್ಕ ಅದೇ ಸೀರೆ, ಅದೇ ಬಟ್ಟಲು, ಅದೇ ನಗುಮುಖದಲ್ಲಿ ಒಳಗೆ ಬಂದು, "ಸ್ವಲ್ಪ ಹೆಪ್ಪ ಕೊಡ್ತೀರೇನ್ರಿ?" ಎಂದಳು. ಸಭೆ ಕೇಕೆ ಹಾಕಿತು. ಗಂಡ ಹೆಂಡತಿ ತಲೆಯೆತ್ತಲಿಲ್ಲ. ಪದ್ಮಕ್ಕ ಹುಬ್ಬೆತ್ತಿದಳು, ಮತ್ತೆ ಕೇಳಿದಳು. ನಗು ಬಂತು, ಸ್ವಲ್ಪ ಕಡಿಮೆ. ಅವರು ರೊಟ್ಟಿ ಮುರಿಯುತ್ತ, ಪಕ್ಕದ ಮನೆ ಖಾಲಿಯಾದ ಮೇಲೆ ಓಣಿಯೇ ಭಣಭಣ ಅನ್ನುತ್ತದೆ, ಪಾಪ ಒಳ್ಳೆಯ ಹೆಂಗಸು, ಹೀಗೆ ಒಮ್ಮೆಲೇ ಹೋಗಬಾರದಿತ್ತು ಎಂದು ಮಾತಾಡಿಕೊಂಡರು. ಪದ್ಮಕ್ಕ ಯಾರ ಸುದ್ದಿ ಎಂಬಂತೆ ಕುತೂಹಲದಿಂದ ಬಗ್ಗಿ ಕೇಳಿದಳು. ಒಬ್ಬಿಬ್ಬರು ನಕ್ಕು, ಅರ್ಧಕ್ಕೇ ನಿಲ್ಲಿಸಿದರು. ಆಕೆ ಹೆಂಡತಿಯ ಭುಜ ಮುಟ್ಟಿದಳು. ಆ ಹೆಂಡತಿ, ಚಳಿ ಗಾಳಿ ಬಂತೆಂದು ಸೆರಗು ಹೊದ್ದುಕೊಂಡಳು.

ಪದ್ಮಕ್ಕ ಬಟ್ಟಲು ಹಿಡಿದು ನಮ್ಮ ಕಡೆಗೆ ತಿರುಗಿದಳು. ನಗುಮುಖ ಹಾಗೇ ಇತ್ತು, ಅದನ್ನು ನೋಡಲಾಗುತ್ತಿರಲಿಲ್ಲ. "ನಿಮಗರ ಕಾಣಾಕತ್ತೇನಿಲ್ಲೋ ನಾ?" ಎಂದಳು.

ಈ ಮಾತಿಗೆ ನಾನು ದೀಪ ಆರಿಸಬೇಕು. ಕತ್ತಲು, ನಾಟಕ ಮುಕ್ತಾಯ. ಆದರೆ ಸಭೆಯಲ್ಲಿ ಒಬ್ಬ ಅಜ್ಜಿ ಎದ್ದುನಿಂತು, "ಕಾಣಾಕತ್ತೀಯವ್ವಾ, ಕಾಣಾಕತ್ತಿ. ಬಾ ನನ್ನ ಬಾಜೂ ಕುಂಡ್ರು ಬಾ" ಎಂದುಬಿಟ್ಟಳು.

ನನ್ನ ಕೈ ಸ್ವಿಚ್ಚಿನ ಮೇಲೆ ಕಲ್ಲಾಯಿತು. ಬೆಳಕು ಉರಿಯುತ್ತಲೇ ಇತ್ತು. ಪದ್ಮಕ್ಕ ಕತ್ತಲಿಗಾಗಿ ಕ್ಷಣ ಕಾದಳು, ಬರಲಿಲ್ಲ. ಆಗ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟು, "ಅಷ್ಟಾದ್ರ ಸಾಕವ್ವ. ಬರ್ತೇನಿ" ಎಂದು ಮೆಟ್ಟಿಲಿಳಿದು, ಅಷ್ಟು ಬೆಳಕಿನಲ್ಲಿ, ಜನರ ನಡುವಿನಿಂದಲೇ ನಡೆದು ಬಾಗಿಲು ದಾಟಿ ಹೋದಳು. ಆಕೆ ಹಾದುಹೋಗುವಾಗ ಜನ ಕಾಲು ಒಳಗೆಳೆದುಕೊಂಡರು. ಗಂಡಸರು ಕೂಡ. ಚಪ್ಪಾಳೆ ತಟ್ಟುವುದು ಯಾರಿಗೂ ನೆನಪಾಗಲಿಲ್ಲ.

ನಾನೂ ಸುನಂದಾಳೂ ಹೊರಗೆ ಹೋದಾಗ ಪದ್ಮಕ್ಕ ಬೇವಿನ ಗಿಡಕ್ಕೆ ಒರಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. "ಗಪ್ಪ ಆದ್ರಲ್ಲ ಸುನಂದಾ?" ಎಂದಳು. "ಆದ್ರವ್ವ" ಎಂದಳು ನನ್ನ ಹೆಂಡತಿ. ಇಬ್ಬರೂ ಕೈ ಹಿಡಿದುಕೊಂಡು ಮಕ್ಕಳ ಹಾಗೆ ನಿಂತರು. ಆಮೇಲೆ ಒಳಗಿನಿಂದ ಚಪ್ಪಾಳೆ ಕೇಳಿಸಿತು, ನಿಲ್ಲಲೇ ಇಲ್ಲ.

ನಿವೃತ್ತ ಹೆಡ್‌ಮಾಸ್ತರರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. "ದೆವ್ವಾನ ಕತ್ತಲ್ಯಾಗ ಯಾರ ಬೇಕಾದವರು ತೋರಸ್ತಾರ. ಬೆಳಕಿನ್ಯಾಗ ನಡಸಾಕ ಗುಂಡಿಗಿ ಬೇಕ್ರಿ. ಕರೆಂಟ್ ಆಫೀಸಿನವರಂತ ಹೌದಲ್ಲೋ? ಕಾಣಸ್ತೈತಿ" ಎಂದು ನನ್ನ ಕೈ ಕುಲುಕಿದರು. ನಾನು ವಿನಯದಿಂದ ನೆಲ ನೋಡಿದೆ. ಸುನಂದಾ ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಕೇಳಿದಳು: "ಖರೆ ಹೇಳ್ರಿ, ದೀಪ ಯಾಕ ಆರಿಸಲಿಲ್ಲ?"

"ಆರಿಸಿದ್ರ ಆಕಿ ಕತ್ತಲ್ಯಾಗ ಎಲ್ಲಿ ನನ್ನ ಕಡೆ ಬರ್ತಾಳೋ ಏನೋ ಅಂತ..." ಎಂದೆ.

ಆಕೆ ನಕ್ಕಳು, ಮರುದಿನ ನಾಟಕದ ಕೊನೆಯ ಸಾಲನ್ನು ತಿದ್ದಿದಳು: 'ಇಲ್ಲಿ ದೀಪ ಆರಿಸಬಾರದು.' ಈಗ ಎಲ್ಲೇ ಆಡಲಿ, ನನ್ನ ಆ ಕೆಲಸಕ್ಕೆ ಮೆಚ್ಚುಗೆ ಬಂದೇ ಬರುತ್ತದೆ. ತಂಡದಲ್ಲಿ ಉಳಿದವರೆಲ್ಲ ತಾಲೀಮು ಮಾಡಿ ಮಾಡಿ ಸಾಯುತ್ತಾರೆ. ನನಗೆ ಅದರ ಅಗತ್ಯವಿಲ್ಲ. ಪದ್ಮಕ್ಕ ಬಟ್ಟಲು ಹಿಡಿದು ಈ ಕಡೆ ತಿರುಗಿದಳೆಂದರೆ, ಸ್ವಿಚ್ಚಿನ ಮೇಲಿನ ನನ್ನ ಕೈ ಈಗಲೂ ತಾನಾಗಿಯೇ ಕಲ್ಲಾಗುತ್ತದೆ.