ನಡಿಗೆ ವನದ ಮೇಲಿನ ಗೇಟು

ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದು ನನ್ನಷ್ಟು ಸಲ ಬರೆದವರು ಈ ನೀಲಗಿರಿಯಲ್ಲಿ ಇನ್ನೊಬ್ಬರಿರಲಾರರು. ಅಷ್ಟನ್ನೂ ಕೂತೇ ಬರೆದಿದ್ದೇನೆ. ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಸಭೆಯಲ್ಲಿ ದೊಡ್ಡವರು ಆಡಿದ್ದನ್ನು ನಡಾವಳಿ ಪುಸ್ತಕಕ್ಕೆ ಇಳಿಸುವುದು, ಆಡದೆ ಬಿಟ್ಟದ್ದನ್ನು ಅವರ ಪರವಾಗಿ ಊಹಿಸಿಕೊಳ್ಳುವುದು ನನ್ನ ಕೆಲಸ. ಈ ಕುರ್ಚಿಯಿಂದ ನನಗೆ ಸಿಕ್ಕದ್ದು ಸಂಬಳ ಮತ್ತು ಸಕ್ಕರೆ ಕಾಯಿಲೆ. ಎರಡನೆಯದು ಮಾತ್ರ ತಪ್ಪದೆ ಏರುತ್ತಿದೆ.

ಜನರನ್ನು ನಡೆಸಬೇಕೆಂಬ ಆಸೆ ನಮ್ಮ ಮೇಲಿನವರಿಗೆ ಹೋದ ವರ್ಷ ಹುಟ್ಟಿತು. ಕೂಡಲೇ ಒಂದು ಸಮಿತಿಯೂ ಹುಟ್ಟಿತು. ಮೊದಲ ಸಭೆ ಮಹಡಿಯ ಮೇಲೆಂದು ಗೊತ್ತಾಗಿತ್ತು. ಮೆಟ್ಟಿಲು ಹತ್ತುವವರಾರು ಎಂದು ಸದಸ್ಯರು ಮುಖ ಗಂಟಿಕ್ಕಿದ್ದರಿಂದ ಸಭೆಯನ್ನೇ ಕೆಳಗಿಳಿಸಿದೆವು. ಬೋಂಡ ಮುಗಿದ ಮೇಲೆ ಸ್ಥಳ ಪರಿಶೀಲನೆಗೆಂದು ಜೀಪು ಹುಬ್ಬತಲೈಗೆ ಹೊರಟಿತು. ಅದು ನನ್ನದೇ ಹಟ್ಟಿ, ನನ್ನೂರು. ಟಾರು ರಸ್ತೆಯ ತಿರುವಿನಲ್ಲಿ ನಿಂತು, ಚಳಿಯೆಂದು ಗಾಜು ಏರಿಸಿಕೊಂಡು, ಅರ್ಧ ಗಂಟೆ ನಡೆಯುವವರನ್ನು ಎಣಿಸಿದರು. ಒಬ್ಬರೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಟಾರು ರಸ್ತೆ ಗುಡ್ಡಕ್ಕೆ ಮೂರು ಸುತ್ತು ಹಾಕುತ್ತದೆ. ನಮ್ಮ ತಾತಂದಿರ ಕಾಲುದಾರಿ ಟೀ ಗಿಡಗಳ ನಡುವೆ ನೇರ ಇಳಿಯುತ್ತದೆ. ಆ ಹೊತ್ತಿಗೆ ಅರ್ಧ ಹಟ್ಟಿ ಅದರಲ್ಲಿ ಇಳಿಯುತ್ತಿತ್ತು. ಜೀಪಿನಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ನನಗೆ ಗೊತ್ತಿತ್ತು. ಆದರೆ ಅಧ್ಯಕ್ಷರು, “ಈ ಜನಕ್ಕೆ ನಡೆಯೋ ಅಭ್ಯಾಸವೇ ಇಲ್ಲ, ಬರೆದುಕೊಳ್ಳಿ” ಎಂದು ತಮಿಳಿನಲ್ಲಿ ಅಪ್ಪಣೆ ಕೊಟ್ಟಾಗ ತೆಪ್ಪಗೆ ಬರೆದುಕೊಂಡೆ.

ಅಭ್ಯಾಸ ಮಾಡಿಸಲು ‘ನಡಿಗೆ ವನ’ ಬಂತು. ಗುಡ್ಡದ ಸೀಮೆಯಲ್ಲಿ ಸಮತಟ್ಟು ಜಾಗ ಸಿಗುವುದು ಕಷ್ಟ. ಕಾಲುದಾರಿ ರಸ್ತೆಗೆ ಸೇರುವ ಬಯಲು ಸಿಕ್ಕಿತು. ಸುತ್ತ ತಂತಿ ಬೇಲಿ, ಒಳಗೆ ನಡೆಯಲು ಗುಂಡಗೆ ಕೆಂಪು ಹಾಸು. ರಸ್ತೆಯ ಕಡೆ ಗೇಟು, ಅದರ ಮುಂದೆ ಕಾರು ನಿಲ್ಲಿಸಲು ವಿಶಾಲವಾದ ಜಾಗ. ಮೇಲೆ, ಕಾಲುದಾರಿ ಬರುವ ಹಟ್ಟಿಯ ಕಡೆಯೂ ಒಂದು ಗೇಟು, ಅದಕ್ಕೆ ಬೀಗ.

ಆ ಬೀಗದಿಂದ ಕಷ್ಟಕ್ಕೆ ಬಿದ್ದವಳು ನನ್ನ ಅಕ್ಕ ಗೌರಿ. ಅವಳಿಗೊಂದು ಸಣ್ಣ ಟೀ ತೋಟವಿದೆ. ಕಿತ್ತ ಸೊಪ್ಪು, ನಮ್ಮ ಬಾಯಲ್ಲಿ ಅದು ಲೀಫ್, ಫ್ಯಾಕ್ಟರಿಯ ಲಾರಿ ಹೊರಡುವ ಮೊದಲು ರಸ್ತೆ ಬದಿಯ ತೂಕದ ಶೆಡ್ಡಿಗೆ ಸೇರಬೇಕು. ಬೀಗ ಬಿದ್ದ ಮೇಲೆ, ಟಾರು ರಸ್ತೆ ಸುತ್ತಿ ಬರುವಷ್ಟರಲ್ಲಿ, ಎರಡು ಸಲ ಲಾರಿ ತಪ್ಪಿತು. ಮೂಟೆಯೊಳಗೇ ಕಾವು ಹೆಚ್ಚಿ ಲೀಫ್ ಕೆಂಪಗಾಯಿತು.

“ತಮ್ಮ, ನೀ ಆ ಆಫೀಸಲ್ಲೇ ಇದ್ದೀಯಲ್ಲ, ಬೀಗ ತೆಗ್ಸು. ಇನ್ನೊಂದ್ ಸಲ ಕೆಟ್ರೆ ಫ್ಯಾಕ್ಟರಿಯವ್ರು ನನ್ ಲೀಫ್ ಮುಟ್ಟೋದಿಲ್ಲೆ” ಎಂದಳು.

ಅರ್ಜಿ ಕೊಡಿಸಿದೆ. ಸಮಿತಿ ಬಹಳ ಮರುಗಿತು. ಕೊನೆಗೆ ಅಧ್ಯಕ್ಷರು, “ಮೂಟೆ ಹೊತ್ತು ನಡೆಯುವುದು ಕೆಲಸ, ವ್ಯಾಯಾಮವಲ್ಲ. ನಡೆಯಲು ಬಂದವರ ಉತ್ಸಾಹ ಕೆಡುತ್ತದೆ. ಮನಸ್ಸಿಗೆ ನೋವಾಗದಂತೆ ಉತ್ತರ ಬರೆಯಿರಿ” ಎಂದರು. ನೋವಾಗದಂತೆ ಬರೆಯುವುದರಲ್ಲಿ ನಾನು ನುರಿತವನು.

ಶನಿವಾರ ಮಧ್ಯಾಹ್ನ ಅಕ್ಕ ಮೂಟೆಯೊಂದಿಗೆ ನನ್ನ ಮನೆ ಬಾಗಿಲಿಗೆ ಬಂದು ಆ ಉತ್ತರದ ಕಾಗದ ಚಾಚಿದಳು. “ಕನ್ನಡಕ ತಂದಿಲ್ಲೆ, ಓದು.”

ನನ್ನದೇ ವಾಕ್ಯಗಳನ್ನು ಬೇರೆಯವರದೆಂಬಂತೆ ಓದಿದೆ. ಭಾರ ಹೊತ್ತ ನಡಿಗೆ ದೈಹಿಕ ಚಟುವಟಿಕೆಯ ವ್ಯಾಪ್ತಿಗೆ ಬಾರದೆಂದು ವಿಷಾದದಿಂದ ತಿಳಿಸಲಾಗಿತ್ತು.

“ಇದ ಬರೆದವ ಒಂದ್ ದಿನಾನೂ ಮೂಟೆ ಹೊತ್ತಿರ್ಲಾರ” ಎಂದಳು.

“ಇರ್ಲಾರ” ಎಂದೆ. ನೆಲ ನೋಡುವಷ್ಟು ನಾಚಿಕೆಯಾಯಿತು. ನೆಲದ ಮೇಲೆ ನನ್ನ ಹೊಸ ಬೂಟುಗಳಿದ್ದವು.

“ಎಲ್ಲಿಗ್ ಹೊರಟೆ?”

“ಡಾಕ್ಟ್ರು ಹೇಳಿದ್ದಾರೆ. ನಡಿಗೆ ವನಕ್ಕೆ, ವಾಕಿಂಗಿಗೆ.”

“ಹ್ಯಾಗ್ ಹೋಗ್ತೀಯ?”

“ಸ್ಕೂಟರಲ್ಲಿ.”

ಅಕ್ಕ ನಗಲಿಲ್ಲ. ಬಗ್ಗಿ ಮೂಟೆಯೆತ್ತಿ ನನ್ನ ಸ್ಕೂಟರಿನಲ್ಲಿ ಕಾಲಿಡುವ ಜಾಗದ ಮೇಲೆ ಇಟ್ಟಳು. ಬಗ್ಗಿದಾಗ ಸೊಂಟದಲ್ಲಿ ಸಿಕ್ಕಿಸಿದ್ದ ಕನ್ನಡಕದ ಪೆಟ್ಟಿಗೆ ಕಂಡಿತು. ಅವಳು ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ.

ಅಂದಿನಿಂದ ಅವಳು ಶನಿವಾರವೇ ಲೀಫ್ ಕೀಳುತ್ತಾಳೆ. ಮೂಟೆ ನನ್ನ ಸ್ಕೂಟರಿನಲ್ಲಿ ಶೆಡ್ಡು ಸೇರುತ್ತದೆ. ಆಮೇಲೆ ನಾನು ಬೇಲಿಯೊಳಗೆ ಗಾಣದ ಎತ್ತಿನ ಹಾಗೆ ಸುತ್ತುತ್ತೇನೆ. ಆಚೆ ಕಾಲುದಾರಿಯ ಮೇಲೆ ಹುಲ್ಲು ಬೆಳೆದಿದೆ. ಮೊನ್ನೆ ಶನಿವಾರ ಸಮಿತಿಯ ಜೀಪು ಮತ್ತೆ ಬಂದು, ಗಾಜು ಏರಿಸಿಕೊಂಡು, ನಡೆಯುವವರನ್ನು ಎಣಿಸಿತು. ಈ ಸಲ ಒಬ್ಬ ಸಿಕ್ಕಿದ. ಯೋಜನೆ ಫಲ ಕೊಟ್ಟಿದೆಯೆಂದು ಸೋಮವಾರ ನಡಾವಳಿ ಪುಸ್ತಕಕ್ಕೆ ಬರೆದವನೂ ಅವನೇ.