ಭಾವ ಹಾಕಿದ ಕ್ಲಚ್ಚು

ಗುಮಾಸ್ತರ ಮನೆಯ ಬಟ್ಟೆ ಒಗೆಯುವ ಮೆಷಿನ್ನು ಶನಿವಾರ ಸಂಜೆ ಮೂರು ಸಲ ಗರಗರ ಎಂದು ಗಂಟಲು ಸರಿಮಾಡಿಕೊಂಡು, ನಾಲ್ಕನೇ ಸಲ ಸುಮ್ಮನಾಯಿತು. ಒಳಗೆ ಮೋಟಾರು ತಿರುಗುತ್ತಿತ್ತು, ಬೆಲ್ಟೂ ತಿರುಗುತ್ತಿತ್ತು. ಡ್ರಮ್ಮು ಮಾತ್ರ ಎರಡು ಬೆಡ್‌ಶೀಟುಗಳನ್ನು ಸೋಪಿನ ನೀರಿನಲ್ಲಿ ಮುಳುಗಿಸಿಕೊಂಡು ಕದಲದೆ ಕೂತಿತ್ತು. ರಿಪೇರಿಯವನು ಬಂದು ನೋಡಿ, ಮೋಟಾರಿನ ಓಟವನ್ನು ಡ್ರಮ್ಮಿಗೆ ದಾಟಿಸುವ ಕ್ಲಚ್ಚು ಸವೆದುಹೋಗಿದೆ, ಬೇರೆ ಹಾಕಬೇಕು ಎಂದ. ಹೊಸ ಕ್ಲಚ್ಚನ್ನು ತಂದೂ ಕೊಟ್ಟ. ಹಾಕುವುದಕ್ಕೆ ಮಾತ್ರ ಇನ್ನು ಹತ್ತು ದಿನ ತನಗೆ ಪುರುಸೊತ್ತಿಲ್ಲ ಎಂದು ಹೇಳಿ ಹೊರಟುಹೋದ.

“ಹತ್ತು ದಿನ ಯಾರು ಕಾಯ್ತಾರೆ?” ಎಂದಳು ಗುಮಾಸ್ತರ ಹೆಂಡತಿ. “ನನ್ನ ತಮ್ಮನ್ನ ಕರೆಸ್ತೀನಿ.”

ಗುಮಾಸ್ತರು ಮೂಲೆಯ ಸೋಫಾದ ಕಡೆ ನೋಡಿದರು. ಈ ಭಾವಮೈದುನ ಹಿಂದಿನ ಸಲ ಬಂದದ್ದು ಅಡುಗೆಮನೆಯ ನಲ್ಲಿ ಸೋರುತ್ತದೆಂದು. ಬಂದವನು ಹತ್ತೊಂಬತ್ತು ದಿನ ಇದ್ದ. ಅಷ್ಟು ದಿನವೂ ಮಂಚದ ಮೇಲೆ ಅವನು, ಸೋಫಾದ ಮೇಲೆ ಗುಮಾಸ್ತರು. ಸೋಫಾ ಗುಮಾಸ್ತರಿಗಿಂತ ಒಂದೂವರೆ ಅಡಿ ಗಿಡ್ಡ. ಟಿವಿಯ ರಿಮೋಟು ಅವನ ದಿಂಬಿನ ಕೆಳಗೆ. ಪೇಪರನ್ನು ಮೊದಲು ಓದಿ ಮಡಿಚಿ ಕೊಡುತ್ತಿದ್ದವನೂ ಅವನೇ. ಇಷ್ಟಾಗಿ ನಲ್ಲಿ ಇವತ್ತಿಗೂ ಇಕ್ಕಳ ಹಿಡಿದು ತಿರುಗಿಸಿದರೇನೇ ಬರುವುದು.

“ಅವನ್ಯಾಕೆ? ನಾನೇ ಹಾಕ್ತೀನಿ” ಎಂದುಬಿಟ್ಟರು ಗುಮಾಸ್ತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರು ಅಂಟಿಸುವುದು ಬಿಟ್ಟರೆ ಅವರ ಕೈ ಬೇರೆ ಕೆಲಸ ಕಂಡದ್ದಿಲ್ಲ. ಹೆಂಡತಿ ಅವರನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಗಾಯ ನೋಡಿದ ಕೂಡಲೇ ಎಷ್ಟು ಹೊಲಿಗೆ ಬೇಕೆಂದು ಹೇಳುವವಳು.

“ನಾಳೆ ಡ್ಯೂಟಿ ಮುಗಿಸಿ ನಾಲ್ಕು ಗಂಟೆಗೆ ಬರ್ತೀನಿ” ಎಂದಳು. “ಅಷ್ಟೊತ್ತಿಗೆ ಡ್ರಮ್ ತಿರುಗ್ತಿದ್ರೆ ಸರಿ. ಇಲ್ಲಾಂದ್ರೆ ಅವನು ಬರ್ಲೇಬೇಕು.”

ಭಾನುವಾರ ಬೆಳಿಗ್ಗೆ ಗುಮಾಸ್ತರು ಮೊಬೈಲಿನಲ್ಲಿ ಕ್ಲಚ್ ಬದಲಾಯಿಸುವ ವಿಡಿಯೋವನ್ನು ನಾಲ್ಕು ಸಲ ನೋಡಿದರು, ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಮಾಡಿಕೊಂಡರು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಒಂದೊಂದು ಚೀಟಿಯ ಮೇಲಿಟ್ಟು, ಚೀಟಿಯಲ್ಲಿ ಅದರ ಕ್ರಮಸಂಖ್ಯೆ, ಬಿಚ್ಚಿದ ಜಾಗ, ಬಿಚ್ಚಿದ ಸಮಯ ಬರೆದರು. ಅರ್ಧ ಗಂಟೆಯಲ್ಲಿ ನೆಲದ ಮೇಲೆ ಒಂದು ಚಿಕ್ಕ ಲೈಬ್ರರಿಯೇ ಸಿದ್ಧವಾಯಿತು. ಆಮೇಲೆ ಟಿಪ್ಪಣಿಯಲ್ಲಿದ್ದ ಹಾಗೆ ಮೆಷಿನ್ನನ್ನು ಮಗ್ಗುಲಿಗೆ ಮಲಗಿಸಿದರು. ಒಳಗಿನ ನೀರನ್ನು ಮೊದಲು ಖಾಲಿ ಮಾಡಬೇಕೆಂದು ವಿಡಿಯೋದವನು ಹೇಳಿದ್ದ. ಆ ಮಾತು ಬರೆದುಕೊಳ್ಳುವಾಗ ಪೆನ್ನು ನಿಂತುಹೋಗಿತ್ತು, ಬೇರೆ ಪೆನ್ನು ಹುಡುಕುವಷ್ಟರಲ್ಲಿ ವಿಡಿಯೋ ಮುಂದೆ ಹೋಗಿತ್ತು.

ಸೋಪಿನ ನೀರು ಮನೆಬಾಗಿಲ ಸಂದಿಯಿಂದ ಹೊರಬಿದ್ದು, ನೊರೆ ಎಬ್ಬಿಸಿಕೊಂಡು ಮೆಟ್ಟಿಲಿಳಿಯಿತು. ಅದರ ಹಿಂದೆಯೇ ಜನ ಮೆಟ್ಟಿಲು ಹತ್ತಿ ಬಂದರು.

ಮೊದಲು ಬಂದವರು ಎದುರುಮನೆಯ ಡ್ರೈವರ್ ಮಾಮ. ಮೂವತ್ತೈದು ವರ್ಷ ರೈಲು ಓಡಿಸಿ ನಿವೃತ್ತರಾದವರು. ಇಷ್ಟು ಚಿಕ್ಕ ಯಂತ್ರಕ್ಕೂ ಕ್ಲಚ್ ಇಡುತ್ತಾರೆಯೇ ಎಂದು ಅಚ್ಚರಿಪಟ್ಟು, ಲುಂಗಿ ಮೇಲೆ ಕಟ್ಟಿಕೊಂಡು, ಕೇಳದೆಯೇ ಸ್ಪಾನರ್ ಕೈಗೆ ತೆಗೆದುಕೊಂಡರು. ಎರಡನೆಯವರು ಕೆಳಗಿನ ಮನೆಯ ಸೆಕ್ರೆಟರಿ, ಕಟ್ಟಡದ ಸಂಘದ ಸಕಲ ನಿಯಮಗಳೂ ಅವರಿಗೆ ಬಾಯಿಪಾಠ. ಮೆಟ್ಟಿಲ ಮೇಲೆ ಜಾರಿ ಕೂತು, ಕೂತಲ್ಲಿಂದಲೇ ಮೂರು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದಿದ್ದರು. ಸಾಕ್ಷಿಗೆ ಇರಲಿ ಎಂದು ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿದರು. ಐದು ನಿಮಿಷದಲ್ಲಿ ಸಿಟ್ಟು ಇಳಿಯಿತು, ವಿಡಿಯೋದ ರುಚಿ ಹತ್ತಿತು. ಒಳ್ಳೆಯ ಬೆಳಕು ಬೀಳುವ ಕಡೆ ಸ್ಟೂಲು ಹಾಕಿಕೊಂಡು ಕೂತರು.

ಡ್ರಮ್ಮಿನ ನಡುವೆ ಒಂದು ದೊಡ್ಡ ನಟ್ಟು. ಅದು ಬಿಚ್ಚಿದರೇನೇ ಕ್ಲಚ್ಚು. ಡ್ರೈವರ್ ಮಾಮ ನಲವತ್ತು ನಿಮಿಷ ಅದರ ಜೊತೆ ಗುದ್ದಾಡಿದರು. ಸ್ಪಾನರ್ ಸರಿಯಿಲ್ಲ, ಈಗಿನ ಕಾಲದ ಕಬ್ಬಿಣವೇ ಸರಿಯಿಲ್ಲ ಎಂದರು. ಗುಮಾಸ್ತರು ಅವರ ಸೊಂಟ ಹಿಡಿದು ಹಿಂದಿನಿಂದ ಎಳೆದರು. ಗಡಿಯಾರ ಒಂದು ಗಂಟೆ ತೋರಿಸಿತು. ಸೋಫಾ ಆ ಮೂಲೆಯಿಂದ ತಮ್ಮನ್ನೇ ನೋಡುತ್ತಿದೆ ಎಂದು ಗುಮಾಸ್ತರಿಗೆ ಅನ್ನಿಸತೊಡಗಿತು.

ಆಗ ಮೇಲಿನ ಮನೆಯ ಹಲ್ಲಿನ ಡಾಕ್ಟರಮ್ಮ ಇಳಿದು ಬಂದರು. ನೆಲದ ಮೇಲೆ ಬಿದ್ದಿದ್ದ ಗುಮಾಸ್ತರ ಮೊಬೈಲನ್ನು ಎತ್ತಿಕೊಂಡು ವಿಡಿಯೋ ನೋಡಿ, ಈ ನಟ್ಟಿನ ಥ್ರೆಡ್ಡು ಉಲ್ಟಾ, ಎಲ್ಲವನ್ನೂ ಬಿಚ್ಚುವ ಕಡೆಗೆ ತಿರುಗಿಸಿದರೆ ಇದು ಬಿಗಿಯಾಗುತ್ತದೆ ಎಂದು ತಣ್ಣಗೆ ಹೇಳಿದರು. ಅಂದರೆ ನಲವತ್ತು ನಿಮಿಷದಿಂದ ಇಬ್ಬರು ಗಂಡಸರು ಸೇರಿ ನಟ್ಟನ್ನು ಬಿಗಿ ಮಾಡುತ್ತಿದ್ದರು. ಡ್ರೈವರ್ ಮಾಮ ತಮಗೆ ಮೊದಲೇ ಅನುಮಾನವಿತ್ತು ಎಂದರು.

ನಟ್ಟು ಬಂತು, ಹಳೆಯ ಕ್ಲಚ್ಚು ಬರಲಿಲ್ಲ. ಡಾಕ್ಟರಮ್ಮ ಎಲ್ಲರನ್ನೂ ದೂರ ಸರಿಸಿ ಮಂಡಿಯೂರಿ ಕೂತರು. “ಎಳೀಬಾರದು. ಮೊದಲು ಅಲ್ಲಾಡಿಸಬೇಕು, ಆಮೇಲೆ ಕೀಳಬೇಕು” ಎಂದು ಕ್ಲಚ್ಚನ್ನು ಆ ಕಡೆ ಈ ಕಡೆ ಅಲ್ಲಾಡಿಸಿ, ಗುಮಾಸ್ತರಿಗೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿ, ಒಂದು ತಿರುವು ಕೊಟ್ಟರು. ಕ್ಲಚ್ಚು ಕಿತ್ತು ಬಂತು. ಗುಮಾಸ್ತರು ಅದನ್ನು ಎದೆಗವಚಿಕೊಂಡು ಹಿಂದಕ್ಕೆ ಹಾರಿ, ಡ್ರಮ್ಮಿನಿಂದ ತೆಗೆದಿಟ್ಟಿದ್ದ ಒದ್ದೆ ಬೆಡ್‌ಶೀಟಿನ ಬಕೆಟ್ಟಿನಲ್ಲಿ ಕೂತರು. ಡಾಕ್ಟರಮ್ಮ ಕೈ ತೊಳೆದುಕೊಳ್ಳುತ್ತಾ, ಅಭ್ಯಾಸಬಲದಿಂದ, ಇನ್ನು ಎರಡು ಗಂಟೆ ಗಟ್ಟಿ ಪದಾರ್ಥ ಏನೂ ತಿನ್ನಬೇಡಿ ಎಂದರು. ಗುಮಾಸ್ತರು ಆಗಲಿ ಎಂದು ತಲೆಯಾಡಿಸಿದರು.

ಹೊಸ ಕ್ಲಚ್ಚು ಸಲೀಸಾಗಿ ಕೂತಿತು. ಇನ್ನು ಸ್ಕ್ರೂ ಹಾಕಿದರೆ ಆಯಿತು, ಗಂಟೆ ಇನ್ನೂ ಮೂರು. ಗುಮಾಸ್ತರ ಮುಖದಲ್ಲಿ ಅವತ್ತಿನ ಮೊದಲ ನಗು ಮೂಡಿದ್ದೇ ತಡ, ಸೆಕೆಯಾಗುತ್ತಿದೆ ಎಂದು ಡ್ರೈವರ್ ಮಾಮ ಫ್ಯಾನ್ ಹಾಕಿದರು. ಒಂದರಿಂದ ಇಪ್ಪತ್ತಮೂರರವರೆಗಿನ ಚೀಟಿಗಳೆಲ್ಲ ಗುಬ್ಬಚ್ಚಿಗಳ ಹಾಗೆ ಎದ್ದು ಹಾರಿದವು. ಅವುಗಳ ಮೇಲಿದ್ದ ಸ್ಕ್ರೂಗಳು ಚೆಲ್ಲಾಪಿಲ್ಲಿಯಾಗಿ ಉರುಳಿ, ತಾವು ಯಾರು, ಎಲ್ಲಿಯವರು ಎಂಬ ಗುರುತೇ ಇಲ್ಲದೆ ನೆಲದ ಮೇಲೆ ಬಿದ್ದವು.

ಗುಮಾಸ್ತರಿಗೆ ನಿಜವಾಗಿಯೂ ಅಳು ಬಂತು. ಬಕೆಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹತ್ತೊಂಬತ್ತು ದಿನ ಸೋಫಾದ ಮೇಲೆ ಮಲಗಿದ ಕಥೆಯನ್ನು ನೆರೆಯವರ ಮುಂದೆ ಹೇಳಿಕೊಂಡರು. ಸೆಕ್ರೆಟರಿಯಂಥ ಸೆಕ್ರೆಟರಿಯೂ ಕರಗಿ, ಆ ಭಾಗದ ವಿಡಿಯೋ ಅಳಿಸಿಹಾಕಿದರು. ಆಮೇಲೆ ನಾಲ್ಕೂ ಜನ ನೆಲದ ಮೇಲೆ ತೆವಳಿ ಸ್ಕ್ರೂ ಆರಿಸಿದರು, ಯಾವ ತೂತಿಗೆ ಯಾವುದು ಹೋಗುತ್ತದೋ ಅದನ್ನು ಹಾಕಿದರು. ಕೊನೆಗೆ ಎರಡು ಉಳಿದವು. ಗುಮಾಸ್ತರು ಅವನ್ನು ಅಂಗೈಯಲ್ಲಿಟ್ಟುಕೊಂಡು ಗಾಬರಿಯಿಂದ ಡಾಕ್ಟರಮ್ಮನ ಮುಖ ನೋಡಿದರು.

“ಬುದ್ಧಿಹಲ್ಲು ಅಂತ ತಿಳ್ಕೊಳ್ಳಿ” ಎಂದರು ಡಾಕ್ಟರಮ್ಮ. “ಇಲ್ಲದಿದ್ರೂ ನಡೆಯುತ್ತೆ.”

ಮೂರೂವರೆಗೆ ಮೆಷಿನ್ನನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ ಹಾಕಿದರು. ಡ್ರಮ್ಮು ತಿರುಗಿತು. ಡ್ರಮ್ಮಿನ ಜೊತೆ ಮೆಷಿನ್ನೂ ಕುಣಿಯುತ್ತಾ ಬಾಗಿಲ ಕಡೆಗೆ ಹೊರಟಿತು. ಗುಮಾಸ್ತರು ಅದನ್ನು ತಬ್ಬಿಕೊಂಡು, ಅದರ ಜೊತೆ ತಾವೂ ಗಡಗಡ ನಡುಗುತ್ತಾ ಹೊಸ್ತಿಲವರೆಗೆ ಹೋದರು. ಡ್ರೈವರ್ ಮಾಮ ಮುಂದೆ ನಿಂತು ಕೆಂಪು ಟವೆಲ್ ಬೀಸಿದರು. ಮೆಷಿನ್ನು ಸಿಗ್ನಲ್ಲಿಗೆ ಬೆಲೆ ಕೊಡಲಿಲ್ಲ. ಪ್ಲಗ್ಗು ಕಿತ್ತುಕೊಂಡ ಮೇಲೆಯೇ ನಿಂತದ್ದು. ಕೊನೆಗೆ ಗಿಡ್ಡವಾಗಿದ್ದ ಒಂದು ಕಾಲಿನ ಕೆಳಗೆ ರಟ್ಟು ಮಡಿಚಿ ಕೊಟ್ಟ ಮೇಲೆ ಅದು ಸಾಧು ಪ್ರಾಣಿಯಂತೆ ನಿಂತಲ್ಲೇ ನಿಂತು ತಿರುಗಿತು. ಸೆಕ್ರೆಟರಿ ಅದನ್ನೂ, ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ ಗುಮಾಸ್ತರನ್ನೂ ವಿಡಿಯೋದಲ್ಲಿ ಹಿಡಿದು ಕಟ್ಟಡದ ವಾಟ್ಸಾಪ್ ಗ್ರೂಪಿಗೆ ಕಳಿಸಿದರು.

ನಾಲ್ಕಕ್ಕೆ ಹೆಂಡತಿ ಬಂದಳು. ತಿರುಗುತ್ತಿದ್ದ ಡ್ರಮ್ಮನ್ನು ಬಗ್ಗಿ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಹಾಗೆ ನೋಡಿದ್ದೇ ಇಲ್ಲ. ತಾನಾಗಿಯೇ ಕಾಫಿ ಮಾಡಿ ತಂದುಕೊಟ್ಟಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಗುಮಾಸ್ತರು ಆ ಸಾವಿರ ವರ್ಷದ ಮೊದಲ ಗುಟುಕನ್ನು ನಿಧಾನವಾಗಿ ಹೀರಿದರು.

“ಇನ್ನು ನಿನ್ನ ತಮ್ಮನಿಗೆ ತೊಂದರೆ ಕೊಡೋದು ಬೇಡ” ಎಂದರು ದೊಡ್ಡ ಮನಸ್ಸಿನಿಂದ.

“ಅವನೆಲ್ಲಿ ಬರ್ತಿದ್ದ?” ಎಂದಳು ಹೆಂಡತಿ. “ನಿನ್ನೆ ರಾತ್ರಿನೇ ಫೋನ್ ಮಾಡಿದ್ದೆ. ಕ್ಲಚ್ಚು ಗಿಚ್ಚು ನನಗೆ ಬರಲ್ಲ, ನಾನು ಬರೋದೇ ಇಲ್ಲ ಅಂದ. ನಿಮಗೆ ಹೇಳಿದ್ರೆ ನೀವು ಕೆಲಸ ಮುಟ್ಟಲ್ಲ ಅಂತ ಸುಮ್ಮನಿದ್ದೆ.”

ಗುಮಾಸ್ತರು ನಕ್ಕುಬಿಟ್ಟರು. ಮೈಕೈ ನೋವೆಲ್ಲ ಇಳಿದ ಹಾಗಾಯಿತು.

“ಆದ್ರೆ ಸೆಕ್ರೆಟರಿ ಹಾಕಿದ ವಿಡಿಯೋನ ನಾನು ದಾರೀಲೇ ಅವನಿಗೆ ಕಳಿಸಿದ್ದೆ” ಎಂದು ಅವಳು ಮುಂದುವರಿಸಿದಳು. “ನೋಡಿ ದಂಗಾಗಿಬಿಟ್ಟ. ಭಾವನ ಕೈಯಲ್ಲಿ ಇಂಥ ವಿದ್ಯೆ ಇದೆ ಅಂತ ಗೊತ್ತೇ ಇರಲಿಲ್ಲ, ನಾನೂ ಕಲೀತೀನಿ ಅಂತ ಹೊರಟೇಬಿಟ್ಟ. ಬಸ್ ಹತ್ತಿ ಆಯ್ತು.”

ಗುಮಾಸ್ತರ ಕೈಯಲ್ಲಿದ್ದ ಲೋಟ ತುಟಿಯವರೆಗೆ ಬಂದು ಅಲ್ಲೇ ನಿಂತಿತು. ಎಷ್ಟು ದಿನ ಇರುತ್ತಾನೆ ಎಂದು ಕೇಳಿದರು.

“ದಿನ ಅಂತ ಏನಿಲ್ಲ ರೀ” ಎಂದಳು ಹೆಂಡತಿ, ಮಂಚದ ಮೇಲಿದ್ದ ಅವರ ದಿಂಬನ್ನು ಎತ್ತಿ ಸೋಫಾದ ಮೇಲಿಡುತ್ತಾ. “ಕಲಿಯೋ ತನಕ.”

ಭಾವಮೈದುನ ಸೈಕಲ್ ಕಲಿಯುವುದಕ್ಕೆ ಆರು ವರ್ಷ ತೆಗೆದುಕೊಂಡಿದ್ದ.