ನನ್ನ ತಲೆಯ ಮೇಲೆ ತಪ್ಪಾಗಿ ಕೂತ ಸನ್ಮಾನದ ಪೇಟದವರಿಗೆ

ಶ್ರೀರಂಗಪಟ್ಟಣದ ಸಭೆ ಸಮಾರಂಭಗಳಲ್ಲಿ ತಲೆಯಿಂದ ತಲೆಗೆ ದಯಮಾಡಿಸುತ್ತಾ ಬಂದಿರುವ, ಜರಿ ಅಂಚಿನ, ಕುಂಕುಮ ಬಣ್ಣದ ಮೈಸೂರು ಪೇಟದವರ ಸನ್ನಿಧಾನಕ್ಕೆ,

ಮಾನ್ಯರೇ,

ಬಾಬುರಾಯನಕೊಪ್ಪಲಿನಲ್ಲಿ ರಾಗಿ ಮಿಲ್ಲು ಇಟ್ಟುಕೊಂಡಿರುವ ಚಲುವಯ್ಯನಾದ ನಾನು ತಲೆ ಬಾಗಿ, ಅಂದರೆ ಈಗ ಬಾಗಿದರೂ ಏನೂ ಕೆಳಗೆ ಬೀಳುವುದಿಲ್ಲ ಎಂಬ ಧೈರ್ಯದ ಮೇಲೆ ಬಾಗಿ, ಮಾಡುವ ನಮಸ್ಕಾರಗಳು. ತಾವು ತಮ್ಮ ತಗಡಿನ ಡಬ್ಬದೊಳಗೆ ನುಸಿ ಗುಳಿಗೆಗಳ ಜೊತೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಅದು ಸುಳ್ಳಾಗುತ್ತದೆಂಬ ಭಯದಿಂದ ಬರೆದಿಲ್ಲ.

ಏಳನೇ ಕ್ಲಾಸಿನ ಮಧ್ಯದಲ್ಲಿ ಸ್ಕೂಲು ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಯಾರ ಚೀಲ ಯಾವುದು ಎಂಬ ಗುರುತಿಗಷ್ಟೆ. ಆದ್ದರಿಂದ ತಪ್ಪಿದ್ದರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಹೊಟ್ಟೆ ಇದೆಯೋ ಇಲ್ಲವೋ ತಿಳಿಯದು, ಒಳಗೆ ಜಾಗವಂತೂ ಬೇಕಾದಷ್ಟಿದೆ; ಅದನ್ನು ನಾನೇ ಒಳಗಿನಿಂದ ನೋಡಿದ್ದೇನೆ.

ಕಳೆದ ಭಾನುವಾರ ಸಾಯಂಕಾಲ ಪಟ್ಟಣದಲ್ಲಿ ನಡೆದ ಸಾಹಿತ್ಯ ಮತ್ತು ಗಾಯನ ಕಾರ್ಯಕ್ರಮಕ್ಕೆ ನಾನು ಬಂದದ್ದು ತಮ್ಮ ದರ್ಶನಕ್ಕಲ್ಲ. ನನ್ನ ಹೆಂಡತಿ ಮಂಗಳಮ್ಮ ಜೀವಮಾನದಲ್ಲಿ ಮೊದಲನೇ ಸಲ ವೇದಿಕೆ ಹತ್ತಿ ಒಂದು ಭಾವಗೀತೆ ಹಾಡುವವಳಿದ್ದಳು, ಅದಕ್ಕೆ ಬಂದದ್ದು. ಆ ಹಾಡನ್ನು ಅವಳು ತಿಂಗಳುಗಟ್ಟಲೆ ಕಲಿತದ್ದು ನಮ್ಮ ಮಿಲ್ಲಿನಲ್ಲೇ, ಅದೂ ಮಿಷನ್ನು ಓಡುತ್ತಿರುವಾಗ. ಅಲ್ಲಿ ಅವಳ ದನಿ ಅವಳಿಗೇ ಕೇಳುವುದಿಲ್ಲ, ಅದಕ್ಕೇ ಅಲ್ಲಿ ಧೈರ್ಯ ಜಾಸ್ತಿ. ಮಿಷನ್ನು ಆರಿಸಿ ಈಗ ಹಾಡು ನೋಡೋಣ ಅಂದರೆ, "ನೀವು ಕೇಳಿಸ್ಕೊಂಡ್ರೆ ನಂಗೆ ನಾಚ್ಕೆ, ಹೋಗ್ರೀ" ಎಂದು ಒಳಗೆ ಹೋಗಿಬಿಡುತ್ತಾಳೆ. ಹೀಗಾಗಿ ಆ ಹಾಡಿನ ತುಟಿ ನನಗೆ ಬಾಯಿಪಾಠ, ಹಾಡು ಮಾತ್ರ ಒಂದು ಅಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ಸಭೆಯಲ್ಲಿ ಎಲ್ಲರ ಜೊತೆ ಕೂತು ಕೇಳಬಹುದಲ್ಲ ಎಂಬ ಒಂದೇ ಆಸೆಗೆ ನಾನು ಭಾನುವಾರದ ರಾಗಿಯನ್ನೆಲ್ಲ ಸೋಮವಾರಕ್ಕೆ ಹಾಕಿ ಬಂದವನು.

ಇಲ್ಲಿ ತಾವು ನಮ್ಮ ಮಿಲ್ಲಿನ ಸನ್ನೆಗಳನ್ನು ದಯವಿಟ್ಟು ತಿಳಿದುಕೊಳ್ಳಬೇಕು. ಆ ಸದ್ದಿನಲ್ಲಿ ಯಾರು ಏನು ಹೇಳಿದರೂ ನಾನು ತಲೆ ಆಡಿಸುತ್ತೇನೆ. "ನುಣ್ಣುಗ್ ಬೀಸು ಕಣಣ್ಣೋ" ಅಂದರೂ ಆಡಿಸುತ್ತೇನೆ, "ತರಿತರಿ ಇರ್ಲಿ" ಅಂದರೂ ಆಡಿಸುತ್ತೇನೆ, "ನಿನ್ ಮಿಲ್ಲು ಹಾಳಾಗೋಗ" ಅಂದವರಿಗೂ ಆಡಿಸಿ ಕಳಿಸಿದ್ದೇನೆ. ಮಂಗಳಮ್ಮ ಪಲ್ಲವಿ ಮುಗಿಸಿ ನನ್ನ ಮುಖ ನೋಡುತ್ತಾಳೆ, ನಾನು ತಲೆ ಆಡಿಸಿದರೆ ಚರಣಕ್ಕೆ ಇಳಿಯುತ್ತಾಳೆ. ಆಡಿಸದಿದ್ದರೆ ಎಲ್ಲೋ ತಪ್ಪಿದೆ ಎಂದುಕೊಂಡು ಮತ್ತೆ ಪಲ್ಲವಿಗೇ ಹೋಗುತ್ತಾಳೆ. ಕೈ ಎತ್ತಿದರೆ ಮಾತ್ರ ನಿಲ್ಲಿಸು, ಸ್ವಿಚ್ಚು ಆರಿಸು ಎಂದರ್ಥ. ಹಾಡು ಬರುತ್ತದೆ, ನಿಮ್ಮ ತಲೆ ಕಾಣದಿದ್ದರೆ ಮುಂದಕ್ಕೆ ಹೋಗಲು ಬರುವುದಿಲ್ಲ, ನೀವು ಮುಂದಿನ ಸಾಲಿನಲ್ಲೇ ಕೂತಿರಬೇಕು ಎಂದು ಅವಳು ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಳು. ಬಾಗಿಲಿಗೆ ಬೀಗ ಹಾಕಿದೆನೋ, ಮಿಲ್ಲಿನ ಮೇನ್ ಸ್ವಿಚ್ಚು ಆರಿಸಿದೆನೋ ಎಂಬ ನನ್ನ ಮಾಮೂಲಿ ಚಿಂತೆಗಳ ಮೇಲೆ ಇದೂ ಒಂದು ಕೂತುಕೊಂಡಿತು.

ಹಾಗಾಗಿ ಕುರ್ಚಿ ಹಾಕುವುದಕ್ಕೂ ಮುಂಚೆ ಹೋಗಿ ನಿಂತಿದ್ದು, ಹಾಕಿದ ತಕ್ಷಣ ಮುಂದಿನ ಸಾಲಿನ ನಡು ಕುರ್ಚಿಗೆ ನನ್ನ ಟವೆಲ್ಲು ಹಾಕಿ ಕೂತೆ. ಮಂಗಳಮ್ಮನನ್ನು ಹಾಡುವವರ ಕೋಣೆಗೆ ಕರೆದುಕೊಂಡು ಹೋದರು. ಅಣ್ಣನ ಮಗನ ಮದುವೆಗೆ ಹೊಲಿಸಿದ ಬಿಳಿ ಜುಬ್ಬ ನನ್ನ ಮೈಮೇಲಿತ್ತು. ಎಷ್ಟು ನೀರು ಹುಯ್ದುಕೊಂಡರೂ ಹೋಗದ ಹಿಟ್ಟು ಹುಬ್ಬಿನ ಮೇಲೂ ಕಿವಿಯ ಪಕ್ಕದ ಕೂದಲಲ್ಲೂ ಇತ್ತು. ನೋಡಿದವರಿಗೆ ಅದು ನರೆಯಂತೆ ಕಂಡು ಇದೇ ತಪ್ಪಾಗಿ ಹೋಯಿತೇನೋ ಎಂದು ಈಗ ಅನ್ನಿಸುತ್ತದೆ. ಆ ದಿನ ತಮಗೆ ತಲೆ ಕೊಡಬೇಕಾಗಿದ್ದವರು ಕೆ.ಆರ್. ಪೇಟೆಯ ಹಿರಿಯ ಕವಿ ಕರಿಯಪ್ಪನವರು. ಅವರ ಕಾರು ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತ್ತು. ಕಾರ್ಯದರ್ಶಿ ಶಂಕರ್ ಅವರು ಕವಿಗಳ ಜೊತೆ ಫೋನಿನಲ್ಲಿ ಮಾತಾಡಿದ್ದವರೇ ಹೊರತು ಮುಖ ನೋಡಿದವರಲ್ಲ. ಬ್ಯಾನರಿನಲ್ಲಿ ಫೋಟೋ ಇತ್ತು ನಿಜ, ಅದರಲ್ಲಿಯೂ ತಾವು ಕವಿಗಳ ಮೂಗಿನವರೆಗೆ ಕೂತಿದ್ದಿರಿ. ತಮ್ಮ ಕೆಳಗೆ ಸೇರಿದ ಮೇಲೆ ಎಲ್ಲ ಮುಖವೂ ಒಂದೇ.

ಶಂಕರ್ ಅವರು ಬಗ್ಗಿ, "ಕರಿಯಪ್ಪನವ್ರು ತಾವೇ ಅಲ್ವಾ ಸಾರ್?" ಎಂದು ಕೇಳಿದರಂತೆ. ಅದೇ ಗಳಿಗೆಯಲ್ಲಿ ಮೈಕಿನವನು ಮೈಕನ್ನು ಕುಯ್ಯೋ ಅನ್ನಿಸುತ್ತಿದ್ದ. ಸದ್ದು ಇದ್ದ ಕಡೆ ನನ್ನ ತಲೆ ನನ್ನನ್ನು ಕೇಳದೆ ತಾನೇ ಆಡುತ್ತದೆ. ಆಡಿತು.

ಆಮೇಲೆ ಆದದ್ದು ತಮಗೇ ಗೊತ್ತು. ಕೈ ಹಿಡಿದು ವೇದಿಕೆ ಹತ್ತಿಸಿ ಹಿಂದಿನ ಸಾಲಿನ ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ನಾಡಿನ ಹೆಮ್ಮೆ, ಕಥೆ ಕವಿತೆ ಎರಡರಲ್ಲೂ ಎತ್ತಿದ ಕೈ ಎಂದು ಓದತೊಡಗಿದಾಗ ನಾನು ಬೆವೆತುಹೋಗಿ, ಅಯ್ಯೋ ಅಲ್ಲ ಅಲ್ಲ ಎಂದು ತಲೆಯನ್ನು ಅಡ್ಡಡ್ಡ ಆಡಿಸಿದೆ. "ನೋಡಿ, ಹೊಗಳಿಕೆ ಬ್ಯಾಡ ಅಂತವ್ರೆ, ಏನು ವಿನಯ!" ಎಂದು ಶಂಕರ್ ಅವರು ಇನ್ನೊಂದು ಹಾಳೆ ತೆಗೆದರು. ಜನ ಚಪ್ಪಾಳೆ ಹೊಡೆದರು. ಸಭೆಯಲ್ಲಿ ನಮ್ಮ ಕೊಪ್ಪಲಿನವರೂ ಇದ್ದರು. "ಲೇ, ಅವ್ನು ನಮ್ ಮಿಲ್ ಚಲುವಯ್ಯ ಅಲ್ವೇನ್ಲಾ?" ಎಂದು ಒಬ್ಬ ಕೇಳಿದ್ದೂ, "ಇರ್ಬೋದು ಬುಡ್ಲಾ, ರಾಗಿ ಬೀಸ್ತಾ ಬೀಸ್ತಾ ಒಳ್ಗೊಳ್ಗೇ ಬರ್ಕೊಂಡವ್ನೆ. ಅದ್ಕೇ ಹಿಟ್ಟು ಅಂಗ್ ಬರೋದು" ಎಂದು ಇನ್ನೊಬ್ಬ ಸಮಾಧಾನ ಹೇಳಿದ್ದೂ ನನಗೆ ಚೆನ್ನಾಗಿ ಕೇಳಿಸಿತು. ಹಾಡು ಮುಗಿಯುವವರೆಗೂ ನಾನು ಚೆನ್ನಾಗಿ ಕೇಳಿಸಿಕೊಂಡ ಮಾತು ಅದೇ ಕೊನೆ. ಮರುಗಳಿಗೆಯಲ್ಲಿ ತಾವು ಬಂದಿರಿ.

ತಮ್ಮ ಘನತೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಎಷ್ಟೋ ದೊಡ್ಡ ದೊಡ್ಡ ತಲೆಗಳನ್ನು ಹೊತ್ತವರು ತಾವು, ಅಥವಾ ಅವೇ ತಮ್ಮನ್ನು ಹೊತ್ತವೋ. ಅಂಥವರು ನನ್ನಂಥ ಸಣ್ಣ ತಲೆಯವನಿಗೆ ಕಣ್ಣು, ಕಿವಿ, ಅರ್ಧ ಮೂಗು ಎಲ್ಲವನ್ನೂ ಸೇರಿಸಿ ಸನ್ಮಾನಿಸಿದ್ದು ದೊಡ್ಡ ಮನಸ್ಸು. ಒಳಗೆ ಬೇರೆ ಬೇರೆ ಮಹನೀಯರ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಯಾರೋ ಒಬ್ಬರ ನೋವಿನ ಮುಲಾಮು ಎಲ್ಲವೂ ಒಟ್ಟಿಗೆ ಬಂದು ನನ್ನನ್ನು ಬರಮಾಡಿಕೊಂಡವು. ಅವರ ಯೋಚನೆಗಳೂ ಎಣ್ಣೆಯಂತೆ ಅಂಟಿಕೊಂಡು ನನ್ನ ತಲೆಗೆ ಇಳಿದುಬಿಟ್ಟರೆ ಸೋಮವಾರ ಹಿಟ್ಟು ಯಾರು ಬೀಸುತ್ತಾರೆ ಎಂಬ ಭಯವೂ ಆಯಿತು. ಮೇಲೆತ್ತಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಗಾಜಿನ ನೆನಪಿನ ಕಾಣಿಕೆ, ಎರಡೂ ತೋಳಿಗೆ ಶಾಲು. ಬೇರೆಯವರಿಗಾದರೆ ಫೋಟೋ ತೆಗೆದ ತಕ್ಷಣ ತಮ್ಮನ್ನು ಹಿಂದಿನಿಂದ ಮೆಲ್ಲಗೆ ಎತ್ತಿ ಡಬ್ಬಕ್ಕೆ ಸೇರಿಸುತ್ತಾರಂತೆ. ನನ್ನ ಅದೃಷ್ಟಕ್ಕೆ ಫೋಟೋದವನು ಟೀ ಕುಡಿಯಲು ಹೋಗಿದ್ದ. "ಮುಟ್ಬ್ಯಾಡಿ ಸಾರ್, ಅವ್ನು ಬರಗಂಟ ಇಂಗೇ ಇರ್ಲಿ" ಎಂದು ಶಂಕರ್ ಅವರು ಕಿವಿಯ ಹತ್ತಿರವೇ ಕೂಗಿ, ತಮ್ಮನ್ನು ಎರಡೂ ಕೈಯಲ್ಲಿ ಇನ್ನಷ್ಟು ಒತ್ತಿ ಹೋದರು.

ಆಗ ಮಂಗಳಮ್ಮ ವೇದಿಕೆಗೆ ಬಂದಳು. ನನಗೆ ಕಾಣುತ್ತಿದ್ದದ್ದು ತಮ್ಮ ಜರಿಯ ಕೆಳಗೆ ಒಂದು ಗೇಣು ನೆಲ ಮಾತ್ರ. ಅದರಲ್ಲಿ ಅವಳ ಹಸಿರು ಸೀರೆಯ ಅಂಚು ಬಂತು, ಕಾಲುಂಗುರ ಬಂತು. ಹಾಡುವ ಮುಂಚೆ ವೇದಿಕೆಯ ಹಿರಿಯರ ಕಾಲಿಗೆ ಬೀಳುವ ಪದ್ಧತಿಯಂತೆ, ಭೀಮನ ಅಮಾವಾಸ್ಯೆ ಬಿಟ್ಟರೆ ಇನ್ಯಾವತ್ತೂ ನನ್ನ ಕಾಲು ಮುಟ್ಟದ ನನ್ನ ಹೆಂಡತಿ, ತಲೆ ತಗ್ಗಿಸಿಕೊಂಡೇ ಬಂದು ಕವಿ ಕರಿಯಪ್ಪನವರೆಂದು ತಿಳಿದು ನನ್ನ ಕಾಲಿಗೆ ಬಿದ್ದು ಹೋದಳು. "ಮಂಗ್ಳಾ, ನಾನು ಕಣೇ" ಎಂದೆ. ತಾವು ಆ ಮಾತನ್ನು ಹೊರಗೆ ಬಿಡಲಿಲ್ಲ.

ಅವಳು ನನಗೆ ಬೆನ್ನು ಮಾಡಿ, ಸಭೆಗೆ ಮುಖ ಮಾಡಿ ನಿಂತಳು. ಹಾಡು ಶುರುವಾಯಿತೆಂದು ನನಗೆ ತಿಳಿದದ್ದು ಅವಳ ಹಿಮ್ಮಡಿಯಿಂದ. ಪಲ್ಲವಿ ಹಾಡುವಾಗ ಅದು ತಾಳ ಹಾಕುತ್ತದೆ, ಚರಣಕ್ಕೆ ಇಳಿಯುವ ಮುಂಚೆ ಒಂದು ಕ್ಷಣ ಸುಮ್ಮನಾಗುತ್ತದೆ. ಮಿಲ್ಲಿನಲ್ಲಿ ಅದನ್ನು ನೋಡಿ ನೋಡಿ ನನಗೆ ಅಭ್ಯಾಸ. ಹಿಮ್ಮಡಿ ತಾಳ ಹಾಕಿತು, ಸುಮ್ಮನಾಯಿತು. ಅವಳು ಮುಂದಿನ ಸಾಲು ನೋಡಿರಬೇಕು. ಅಲ್ಲಿ ನನ್ನ ಟವೆಲ್ಲು ಮಾತ್ರ ಕೂತಿತ್ತು. ಟವೆಲ್ಲು ತಲೆ ಆಡಿಸಲಿಲ್ಲ. ಹಿಮ್ಮಡಿ ಮತ್ತೆ ಪಲ್ಲವಿಗೆ ಹೋಯಿತು. ಮತ್ತೆ ನಿಂತಿತು, ಮತ್ತೆ ಹೋಯಿತು. ನಾನು ಇಲ್ಲಿ ಹಿಂದಿನಿಂದ ಜೋರಾಗಿ ತಲೆ ಆಡಿಸಿದೆ, ತಾವು ಇನ್ನೂ ಎರಡು ಬೆರಳು ಕೆಳಗಿಳಿದಿರಿ. ಅವಳ ಪಲ್ಲವಿ ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತಂತೆ. ತಬಲದವರು ಬೇರೆ ಬೇರೆ ಥರ ಮುಗಿಸಿ ಸನ್ನೆ ಕೊಟ್ಟರಂತೆ. ಸಭಿಕರಲ್ಲಿ ಒಂದಷ್ಟು ಜನ ಇದು ಯಾವುದೋ ದೊಡ್ಡ ಸಂಗೀತವೆಂದು "ಭೇಷ್" ಅಂದರಂತೆ, ಉಳಿದವರು ಚಪ್ಪಲಿ ಹುಡುಕುತ್ತಿದ್ದರಂತೆ. ಗಂಡ ಟೀ ಕುಡಿಯಲು ಹೋಗಿಬಿಟ್ಟ, ನನ್ನ ಮಾನ ಹೋಯಿತು ಎಂದು ಅವಳು ಆಗ ಅಂದುಕೊಂಡಳಂತೆ. ಅವಳ ಹಿಮ್ಮಡಿ ತಾಳ ತಪ್ಪಿದ್ದು ಮಾತ್ರ ನಾನೇ ಕಂಡೆ. ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಮಾನ್ಯರೇ, ಸನ್ಮಾನಿತರು ಸನ್ಮಾನದ ಮಧ್ಯದಲ್ಲಿ ಎದ್ದು ಓಡಬಾರದೆಂಬ ತಮ್ಮ ಶಿಸ್ತು ನನಗೆ ಗೊತ್ತಿರಲಿಲ್ಲವೆಂದಲ್ಲ. ಪೊಲೀಸರು ಬರುತ್ತಾರೆಯೇ, ಶಾಲು ಕದ್ದನೆಂದು ಹೇಳುತ್ತಾರೆಯೇ ಎಂದೆಲ್ಲ ಹೆದರಿಕೊಂಡೇ ನಾನು ಎದ್ದೆ. ಒಂದು ಗೇಣು ನೆಲ ನೋಡಿಕೊಂಡು ಮೆಟ್ಟಿಲ ಕಡೆ ನಡೆದೆ. ಮೈಕಿನ ವೈರು ಕಾಲಿಗೆ ಸಿಕ್ಕಿ ಕಿತ್ತುಬಂತು. ಬುಟ್ಟಿಯ ಕಿತ್ತಳೆಗಳು ನನಗಿಂತ ಮುಂಚೆ ಮೆಟ್ಟಿಲಿಳಿದು ಸಭಿಕರೊಳಗೆ ಸೇರಿಕೊಂಡವು. ಗಾಜಿನ ಕಾಣಿಕೆಯನ್ನು ಯಾರದೋ ಮಡಿಲಿಗೆ ಹಾಕಿ, ತಡಕಿಕೊಂಡು ಹೋಗಿ ನನ್ನ ಟವೆಲ್ಲಿನ ಮೇಲೆ ಕೂತು, ತಲೆ ಆಡಿಸಿದೆ.

ಮೂತಿ ಕಾಣಲಿಲ್ಲವಂತೆ, ಪೇಟ ಮಾತ್ರ ಆಡಿತಂತೆ; ಆದರೂ "ಆ ಆಡ್ಸೋ ಚಂದ ನನ್ ಗಂಡಂದೇ" ಎಂದು ಅವಳಿಗೆ ಗುರುತು ಸಿಕ್ಕಿತಂತೆ. ಮೈಕಿಲ್ಲದೆಯೇ ಅವಳು ಚರಣಕ್ಕೆ ಇಳಿದಳು. ಈಗ ಕೈ ಖಾಲಿಯಾಗಿತ್ತಲ್ಲ, ಪೇಟ ತೆಗೆಯಬಹುದಿತ್ತಲ್ಲ ಎಂದು ತಾವು ಕೇಳುತ್ತೀರಿ. ಕೈ ಎತ್ತಿದರೆ ನಮ್ಮ ಮಿಲ್ಲಿನಲ್ಲಿ ಏನರ್ಥ ಎಂದು ಮೇಲೆಯೇ ಅರಿಕೆ ಮಾಡಿದ್ದೇನೆ. ಎಲ್ಲಿ ಮರೆತು ಎತ್ತಿಬಿಡುತ್ತೇನೋ ಎಂದು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು, ಅವಳ ಕಾಲು ಸುಮ್ಮನಾದಾಗಲೆಲ್ಲ ತಲೆ ಆಡಿಸಿದೆ. ಅವಳು ಕೊನೆಯ ಚರಣದವರೆಗೂ ಹಾಡಿದಳು. ಇಡೀ ಸಭೆ ಕೇಳಿತು. ಚಪ್ಪಲಿ ಹುಡುಕುತ್ತಿದ್ದವರು ಒಂದು ಕಾಲಿಗೆ ಹಾಕಿಕೊಂಡು ನಿಂತೇ ಕೇಳಿದರು. ಟೀ ಮುಗಿಸಿ ಬಂದ ಫೋಟೋದವನೂ ಕೇಳಿದ. ಕೇಳದೆ ಹೋದವನು ನಾನೊಬ್ಬ. ನನಗೆ ಕೇಳಿಸಿದ್ದು ತಮ್ಮೊಳಗಿನ ನನ್ನ ಉಸಿರು ಮಾತ್ರ.

ಇದೇ ನನ್ನ ದೂರು.

ಚಪ್ಪಾಳೆಯ ಹೊತ್ತಿಗೆ ಯಾರೋ ತಮ್ಮನ್ನು ನನ್ನ ತಲೆಯಿಂದ ಎತ್ತಿದರು. ನೋಡಿದರೆ ಒಬ್ಬರು ಬೋಳುತಲೆಯ ಹಿರಿಯರು. ಅವರೇ ಕರಿಯಪ್ಪನವರು. ಬಂದು ಬಹಳ ಹೊತ್ತಾಗಿದ್ದರೂ ತಲೆ ಮೇಲೆ ಪೇಟ ಇಲ್ಲದ್ದರಿಂದ ಯಾರೂ ಗುರುತಿಸಿರಲಿಲ್ಲ, ಹಿಂದಿನ ಸಾಲಿನಲ್ಲಿ ನಮ್ಮ ಕೊಪ್ಪಲಿನವರ ಪಕ್ಕ, ಅವರಿಂದ ನನ್ನ ಹೆಸರು ತಿಳಿದುಕೊಂಡು, ಕಿತ್ತಳೆ ಹಣ್ಣು ತಿನ್ನುತ್ತಾ ಕೂತಿದ್ದರು. ನಾನು ಕ್ಷಮಿಸಿ ಅನ್ನುವುದಕ್ಕೂ ಮೊದಲೇ, "ಸುಮ್ಕಿರಿ ಚಲುವಯ್ಯನವ್ರೇ, ಇಷ್ಟು ವರ್ಷ ಇಂಥಾ ಸಭೆಗೋಗಿವ್ನಿ, ಹಾಡು ಕಿವಿಗೆ ಬಿದ್ದಿದ್ದು ಇವತ್ತೇ. ಯಾವಾಗ್ಲೂ ಇದ್ರೊಳಗೇ ಇರ್ತಿದ್ನಲ್ಲ" ಎಂದು ಕೈ ಹಿಡಿದರು. ಅಷ್ಟರಲ್ಲಿ ಶಂಕರ್ ಅವರು ಓಡಿಬಂದು, ತಮ್ಮನ್ನು ಅವರ ತಲೆಗೆ ಒತ್ತಿ, ವೇದಿಕೆಗೆ ಕರೆದುಕೊಂಡು ಹೋದರು. ಅವರು ಹೋಗುತ್ತಾ ನನ್ನ ಕಡೆ ತಿರುಗಿ ನೋಡಿದ ಮುಖ ನಾನು ಮರೆಯುವುದಿಲ್ಲ. ಅದೂ ಅರ್ಧವೇ ಕಾಣಿಸಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಕಾಗದ ಬರೆದು ತಮ್ಮ ನಿದ್ದೆ ಕೆಡಿಸುತ್ತಿರಲಿಲ್ಲ. ಮಂಗಳಮ್ಮನ ಹೆಸರು ಹಬ್ಬಿ, ಬರುವ ತಿಂಗಳು ನಾಗಮಂಗಲದಲ್ಲಿ ಹಾಡಲು ಕರೆದಿದ್ದಾರೆ. ಅವಳು ಒಪ್ಪಿದ್ದಾಳೆ. ಆದರೆ ಒಂದು ಷರತ್ತು: ನನ್ನ ಬರೀ ತಲೆ ಅಷ್ಟು ದೂರಕ್ಕೆ ಸರಿಯಾಗಿ ಕಾಣುವುದಿಲ್ಲವಂತೆ, ಜರಿ ಪೇಟ ಆಡಿದರೆ ಲೈಟಿಗೆ ಮಿಂಚಿ ಚೆನ್ನಾಗಿ ಕಾಣುತ್ತದಂತೆ. "ಪೇಟ ಇಲ್ದೆ ನಾನ್ ಬಾಯ್ ಬುಡಕಿಲ್ಲ" ಎಂದು ಕೂತಿದ್ದಾಳೆ. ಪೇಟ ಹಾಕಿಕೊಂಡರೆ ಅವಳು ಹಾಡುತ್ತಾಳೆ, ನನಗೆ ಕೇಳುವುದಿಲ್ಲ. ತೆಗೆದರೆ ನನಗೆ ಕೇಳುತ್ತದೆ, ಅವಳು ಹಾಡುವುದಿಲ್ಲ. ಈ ಚಿಂತೆಯಲ್ಲಿ ಮೊನ್ನೆ ಒಬ್ಬರ ರಾಗಿಯನ್ನು ಇನ್ನೊಬ್ಬರ ಗೋಧಿಯ ಮೇಲೆ ಸುರಿದಿದ್ದೇನೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ನಾಗಮಂಗಲಕ್ಕೆ ದಯಮಾಡಿಸಬೇಕು. ಬರುವ ಮುಂಚೆ ಸಾಧ್ಯವಾದರೆ ಸ್ವಲ್ಪ ಸಣ್ಣಗಾಗಬೇಕು. ಈ ವಯಸ್ಸಿನಲ್ಲಿ ಕಷ್ಟವೆಂದರೆ ಎರಡೂ ಪಕ್ಕದಲ್ಲಿ ಕಿವಿಯಷ್ಟಗಲದ ಒಂದೊಂದು ಕಿಟಕಿ ತೆರೆಸಿಕೊಳ್ಳಬೇಕು. ಅದೂ ಆಗದಿದ್ದರೆ ತಾವೇ ಹಾಡನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಬಿಡುವಾದಾಗ ನನಗೆ ಒಂದು ಸಲ ಹಾಡಿ ತೋರಿಸಬೇಕೆಂದು ಕೈ ಮುಗಿದು, ಎತ್ತಿ ಅಲ್ಲ, ಮುಗಿದು ಬೇಡಿಕೊಳ್ಳುತ್ತೇನೆ.

ಇಂತಿ, ತಮ್ಮಿಂದ ಹೊರಬಂದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ಮಿಲ್ ಚಲುವಯ್ಯ
ಬಾಬುರಾಯನಕೊಪ್ಪಲು

ಮರೆತ ಮಾತು: ತಮಗೆ ಪುರುಸೊತ್ತಿಲ್ಲದಿದ್ದರೆ ದಯವಿಟ್ಟು ಬೇಸರ ಬೇಡ. ನಮ್ಮ ಮಿಲ್ಲಿನಲ್ಲಿ ರಾಗಿ ಅಳೆಯುವ ಒಂದು ಹಿತ್ತಾಳೆ ಕೊಳಗ ಇದೆ. ಹುಣಸೆಹಣ್ಣು ಹಾಕಿ ತಿಕ್ಕಿ ಈಗತಾನೇ ತಲೆಗೆ ಹಾಕಿ ನೋಡಿದೆ: ತಮಗಿಂತ ಚೆನ್ನಾಗಿ ಹೊಳೆಯುತ್ತದೆ, ಕಿವಿಯ ಮೇಲಕ್ಕೇ ನಿಲ್ಲುತ್ತದೆ, ಇದುವರೆಗೂ ಒಳಗೆ ರಾಗಿ ಬಿಟ್ಟು ಬೇರೇನನ್ನೂ ತುಂಬಿಕೊಂಡಿಲ್ಲ. ಮಂಗಳಮ್ಮ ನೋಡಿ, ನಗು ತಡೆಯಲಾರದೆ, ಮಿಷನ್ನು ನಿಂತಿದೆ ಎಂಬುದನ್ನೂ ಮರೆತು ಪಲ್ಲವಿ ಶುರುಮಾಡಿದಳು. ನಾನು ತಲೆ ಆಡಿಸಿದ್ದೇನೆ. ಈಗ ಎರಡನೇ ಚರಣದಲ್ಲಿದ್ದಾಳೆ, ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ.